ತುಮಕೂರು–ಯಶವಂತಪುರ ರೈಲಿಗೆ ರಾಕ್ ಆಲ್ಬಂ: ಯಾವುದು ಕೇಳಬೇಕು, ಯಾವ ಆವೃತ್ತಿ?

ಕ್ಯಾತ್ಸಂದ್ರ ಪ್ಯಾಸೆಂಜರ್ (ಪ್ರಶ್ನೆ)

ತುಮಕೂರಿಂದ ಯಶವಂತಪುರಕ್ಕೆ ರೈಲು ಸಲೀಸಾಗಿ ಹೋದರೆ ಒಂದು ಗಂಟೆ ಚಿಲ್ಲರೆ. ಹಿಂದೆ ಎಕ್ಸ್‌ಪ್ರೆಸ್ ಬರ್ತಿದೆ ಅಂತ ನಡುವೆ ಎಲ್ಲಾದರೂ ಪಕ್ಕಕ್ಕೆ ಹಾಕಿದರೆ ಒಂದೂವರೆ. ಈ ಹೊತ್ತಿಗೆ ಹೋಗ್ತಾ ಒಂದು ಆಲ್ಬಂ, ಬರ್ತಾ ಒಂದು. ಮೊದಲ ಹಾಡಿಂದ ಕೊನೆಯವರೆಗೆ, ಹಾರಿಸೋ ಹಾಗಿಲ್ಲ. ಆಲ್ಟರ್ನೇಟಿವ್ ಮತ್ತು ರಾಕ್ ಮಾತ್ರ. ಇಲ್ಲಿಯವರೆಗೆ ಕೇಳಿದ್ದರ ಬಗ್ಗೆ ನನ್ನ ತೀರ್ಪು ಹೀಗಿದೆ, ಬೈಯೋರು ಬೈಯಬಹುದು:

ನಿರ್ವಾಣದ 'ನೆವರ್‌ಮೈಂಡ್': ಮೊದಲರ್ಧಕ್ಕೆ ಹತ್ತಕ್ಕೆ ಹತ್ತು, ಎರಡನೇ ಅರ್ಧ ಸಪ್ಪೆ.

ಪರ್ಲ್ ಜ್ಯಾಮ್‌ನ 'ಟೆನ್': ಹಾಡುಗಳು ಒಳ್ಳೆಯವು, ಆದರೆ ಬಾವಿಯೊಳಗೆ ನಿಂತು ಹಾಡಿದ ಹಾಗಿದೆ.

ರೆಡ್ ಹಾಟ್ ಚಿಲಿ ಪೆಪ್ಪರ್ಸ್ 'ಕ್ಯಾಲಿಫೋರ್ನಿಕೇಶನ್': ನಾಲ್ಕನೇ ಹಾಡಿಗೆ ಬರೋಷ್ಟರಲ್ಲಿ ತಲೆನೋವು ಗ್ಯಾರಂಟಿ. ಹಾಡು ಇಷ್ಟ, ಸದ್ದು ಕಷ್ಟ.

ಮೈ ಬ್ಲಡಿ ವ್ಯಾಲಂಟೈನ್ 'ಲವ್‌ಲೆಸ್': ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸ್ತಾರೆ. ನನಗೆ ಕೇಳಿಸೋದು ಪಕ್ಕದ ಮನೆ ಮಿಕ್ಸಿ. ದನಿ ಎಲ್ಲಿದೆ ಅಂತಲೇ ಗೊತ್ತಾಗಲ್ಲ.

ಸೌಂಡ್‌ಗಾರ್ಡನ್ 'ಸೂಪರ್‌ಅನ್‌ನೋನ್': ಇದು ಹಿಡಿಸಿದೆ. ಆದರೆ ಕಾಲಲ್ಲಿ ತಾಳ ಹಾಕೋಕೆ ಹೋದರೆ ಅರ್ಧದಲ್ಲಿ ತಪ್ಪತ್ತೆ.

ಪಿಂಕ್ ಫ್ಲಾಯ್ಡ್ 'ಡಾರ್ಕ್ ಸೈಡ್ ಆಫ್ ದಿ ಮೂನ್': ಒಂದು ಹಾಡಿಂದ ಇನ್ನೊಂದಕ್ಕೆ ಹೋಗುವಾಗ ಟಿಕ್ ಅಂತ ತುಂಡಾಗತ್ತೆ.

ಆಂಡ್ರಾಯ್ಡ್ ಫೋನು, ಎರಡು ಸಾವಿರದ ಆಸುಪಾಸಿನ ಬ್ಲೂಟೂತ್ ಬಡ್ಸ್. ಕೆಲವು ಆಲ್ಬಂ ಆ್ಯಪ್‌ನಲ್ಲಿ ಡೌನ್‌ಲೋಡ್, ಉಳಿದವು ಮೆಮೊರಿ ಕಾರ್ಡಲ್ಲಿ ಎಂಪಿ3. ತಪ್ಪು ಕಿವಿದೋ, ಬಡ್ಸ್‌ದೋ, ಆಲ್ಬಂದೋ? ಒಂದೊಂದಕ್ಕೂ ಮೂರು ನಾಲ್ಕು ಆವೃತ್ತಿ ಇವೆಯಲ್ಲ, ರಿಮಾಸ್ಟರ್, ಡೀಲಕ್ಸ್ ಅಂತ, ಅವುಗಳಲ್ಲಿ ಯಾವುದು ಹಾಕಬೇಕು?

ಹಳೇ ಕ್ಯಾಸೆಟ್

ಮೂರರದ್ದೂ ಸ್ವಲ್ಪ ಸ್ವಲ್ಪ ತಪ್ಪಿದೆ. 'ಕ್ಯಾಲಿಫೋರ್ನಿಕೇಶನ್' ವಿಷಯದಲ್ಲಿ ಮಾತ್ರ ಪೂರ್ತಿ ತಪ್ಪು ಆಲ್ಬಂದೇ.

ಡಿಜಿಟಲ್ ಧ್ವನಿಗೆ ಒಂದು ಛಾವಣಿ ಇದೆ, ಸೊನ್ನೆ ಡೆಸಿಬೆಲ್. ಅದರಾಚೆ ಹೋಗಲು ಜಾಗವಿಲ್ಲ. 90ರ ದಶಕದ ನಡುವಿಂದ ಕಂಪನಿಗಳಿಗೆ ಒಂದು ಹುಚ್ಚು ಹಿಡಿಯಿತು: ನಮ್ಮ ಸಿ.ಡಿ. ಪಕ್ಕದವರದಕ್ಕಿಂತ ಜೋರಾಗಿ ಕೇಳಿಸಬೇಕು. ಛಾವಣಿ ಎತ್ತರಿಸಲು ಆಗುವುದಿಲ್ಲ, ಆದ್ದರಿಂದ ನೆಲವನ್ನೇ ಎತ್ತಿದರು. ಮೆಲ್ಲಗಿನ ಭಾಗವೂ ಜೋರು, ಜೋರಿನದೂ ಜೋರು. ಡ್ರಮ್ಮಿನ ಏಟು ಛಾವಣಿಗೆ ತಾಗುವ ಕಡೆ ತಲೆ ಕತ್ತರಿಸಿ ಚಪ್ಪಟೆ ಮಾಡಿದರು. ಚಪ್ಪಟೆಯಾದ ಅಲೆಯಿಂದ ಮೂಲದಲ್ಲಿ ಇಲ್ಲದ ಕರ್ಕಶ ಸ್ವರಗಳು ಹುಟ್ಟುತ್ತವೆ. ಕಿವಿಗೆ ಬಿಡುವು ಸಿಗುವುದಿಲ್ಲ. ನಿಮ್ಮ ತಲೆನೋವು ಇದೇ. 1999ರ ಆ ಸಿ.ಡಿ. ಈ ಜೋರಿನ ಜಗಳದ ಮಾದರಿ ಉದಾಹರಣೆ. ಇನ್ನೊಂದು ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್', 2008. ಅದರ ಹಾಡುಗಳು ಗಿಟಾರ್ ಹೀರೋ ಆಟಕ್ಕೂ ಹೋಗಿದ್ದವು, ಆಟದಲ್ಲಿ ಇಷ್ಟು ಹಿಂಡಿರಲಿಲ್ಲ. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ ರೊಚ್ಚಿಗೆದ್ದರು. ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಮಾಡಿದ ಟೆಡ್ ಜೆನ್ಸನ್, ತಮ್ಮ ಕೈಗೆ ಬರುವಾಗಲೇ ಮಿಕ್ಸ್ (ದನಿ, ವಾದ್ಯ ಎಲ್ಲ ಬೆರೆಸಿದ ರೂಪ) ಹಾಗಿತ್ತು ಎಂದು ಹೇಳಿಬಿಟ್ಟರು.

ಆ್ಯಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಹಾಕಿಕೊಂಡರೆ ಸರಿಹೋಗುತ್ತದೆಯೇ ಅಂದರೆ, ಅರ್ಧ ಮಾತ್ರ. ಸ್ಪಾಟಿಫೈ ಸಾಮಾನ್ಯ ಮಟ್ಟದಲ್ಲಿ ಎಲ್ಲವನ್ನೂ −14 ಲಫ್ಸ್ (ಕಿವಿಗೆ ಎಷ್ಟು ಜೋರು ಎಂಬ ಅಳತೆ) ಸುತ್ತ ತರುತ್ತದೆ. ಜೋರಿನ ಆಲ್ಬಂ ತಗ್ಗುತ್ತದೆ, ಆದರೆ ಕತ್ತರಿಸಿದ ತಲೆ ಮತ್ತೆ ಬೆಳೆಯುವುದಿಲ್ಲ. ಈ ಆಲ್ಬಂಗೆ ಈಕ್ವಲೈಜರ್‌ನಲ್ಲಿ 3 ಕಿಲೋಹರ್ಟ್ಸ್ ಸುತ್ತ 2 ಡೆಸಿಬೆಲ್ ಇಳಿಸಿ, ವಾಲ್ಯೂಮ್ ಎರಡು ಮೆಟ್ಟಿಲು ಕೆಳಗಿಡಿ. ಆಮೇಲೂ ಆಗದಿದ್ದರೆ ನಾಲ್ಕು ಹಾಡು ಕೇಳಿ ಬಿಟ್ಟುಬಿಡಿ. ಹಾರಿಸಬಾರದು ಅನ್ನುವ ನಿಮ್ಮ ನಿಯಮ ಎಲ್ಲ ಆಲ್ಬಂಗೂ ಯೋಗ್ಯವಲ್ಲ.

ಆವೃತ್ತಿ ಆರಿಸುವ ಮುಂಚೆ ಎರಡು ಪದ ಬೇರೆ ಮಾಡಿಕೊಳ್ಳಿ. ರಿಮಾಸ್ಟರ್ ಅಂದರೆ ಆಗಿರುವ ಸಾರಿಗೇ ಮತ್ತೆ ಒಗ್ಗರಣೆ. ರಿಮಿಕ್ಸ್ ಅಂದರೆ ಬೇಳೆ, ತರಕಾರಿ, ಹುಳಿ ಬೇರೆ ಬೇರೆ ತೆಗೆದುಕೊಂಡು ಸಾರನ್ನೇ ಹೊಸದಾಗಿ ಮಾಡುವುದು. ಮೊದಲನೆಯದರಲ್ಲಿ ಸಾಮಾನ್ಯವಾಗಿ ಆಗುವುದು ಜೋರು ಮಾತ್ರ. ಎರಡನೆಯದರಲ್ಲಿ ಆಲ್ಬಂನ ಮುಖವೇ ಬದಲಾಗುತ್ತದೆ.

'ಟೆನ್' ನಿಮಗೆ ಬಾವಿಯ ಹಾಗೆ ಕೇಳಿಸುವುದು ಕಿವಿಯ ದೋಷವಲ್ಲ. 1991ರಲ್ಲಿ ಟಿಮ್ ಪಾಮರ್ ಮಿಕ್ಸ್ ಮಾಡುವಾಗ ರಿವರ್ಬ್ (ದೊಡ್ಡ ಕೋಣೆಯಲ್ಲಿ ಕೇಳುವಂಥ ಪ್ರತಿಧ್ವನಿ) ಧಾರಾಳವಾಗಿ ಸುರಿದರು. ಬ್ಯಾಂಡಿನವರಿಗೇ ಮುಂದೆ ಅದು ಹಿಡಿಸಲಿಲ್ಲ. 2009ರಲ್ಲಿ ಬ್ರೆಂಡನ್ ಓ'ಬ್ರಯನ್ ಮೂಲ ಟೇಪಿನಿಂದ ಪೂರ್ತಿ ರಿಮಿಕ್ಸ್ ಮಾಡಿದರು, 'ರಿಡಕ್ಸ್' ಅಂತ ಹುಡುಕಿ. ರಿವರ್ಬ್ ಒಣಗಿದೆ, ಜೆಫ್ ಅಮೆಂಟ್ ಅವರ ಬೇಸ್ ಗಿಟಾರ್ ಎದ್ದು ಕೂತಿದೆ. ರೈಲಿಗೆ ಕಣ್ಣುಮುಚ್ಚಿ ರಿಡಕ್ಸ್. ಮನೆಯಲ್ಲಿ ಮಾತ್ರ ಹಳೆಯದೇ ಕೇಳಿ, ಯಾಕೆಂದರೆ 'ಓಶನ್ಸ್' ಹಾಡಿಗೆ ಆ ಬಾವಿ ಬೇಕು. ಅದರಲ್ಲಿ ತಾಳವಾದ್ಯವಾಗಿ ಪಾಮರ್ ಬಳಸಿದ್ದು ಮೆಣಸಿನಪುಡಿ ಡಬ್ಬಿ ಮತ್ತು ಬೆಂಕಿ ಆರಿಸುವ ಸಿಲಿಂಡರ್.

'ನೆವರ್‌ಮೈಂಡ್' ಎರಡನೇ ಅರ್ಧ ಸಪ್ಪೆ ಅಂದಿದ್ದಕ್ಕೆ ನನ್ನ ತಕರಾರಿದೆ. ಎಂಟನೆಯ 'ಡ್ರೇನ್ ಯು' ಆ ಆಲ್ಬಂನ ಅತ್ಯುತ್ತಮ ಹಾಡು. ನಡುವೆ ಹಾಡು ಕಳಚಿಬಿದ್ದು, ಕೀಕೀ ಎನ್ನುವ ರಬ್ಬರ್ ಆಟಿಕೆಯೆಲ್ಲ ಬಂದು, ನಿಧಾನವಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಒಂಬತ್ತನೆಯ 'ಲೌಂಜ್ ಆ್ಯಕ್ಟ್'ನಲ್ಲಿ ಬೇಸ್ ಒಂದನ್ನೇ ಹಿಂಬಾಲಿಸಿ ಕೇಳಿ. ಕೊನೆಯ 'ಸಮ್‌ಥಿಂಗ್ ಇನ್ ದಿ ವೇ' ಹಾಡನ್ನು ಗಾಯಕ ಕೋಬೇನ್ ಸ್ಟುಡಿಯೋದ ಕಂಟ್ರೋಲ್ ರೂಮಿನಲ್ಲಿ, ಸೋಫಾ ಮೇಲೆ ಮಲಗಿಕೊಂಡು ಹಾಡಿದ್ದು. ಆಲ್ಬಂ ನಿರ್ಮಾಪಕ ಬುಚ್ ವಿಗ್ ಫೋನು ಕಿತ್ತಿಟ್ಟು, ಫ್ಯಾನ್ ಆರಿಸಿ ರೆಕಾರ್ಡ್ ಮಾಡಿದ ಪಿಸುದನಿ ಅದು. ಹಿರೇಹಳ್ಳಿ ದಾಟುವಾಗಿನ ಗಡಗಡದಲ್ಲಿ ಅದು ಎಲ್ಲಿ ಕೇಳಿಸಬೇಕು? ಸಪ್ಪೆ ಅನ್ನಿಸಿದ್ದು ಹಾಡಲ್ಲ, ಬೋಗಿ.

ಸಿ.ಡಿ.ಯಿಂದ ಇಳಿಸಿದ ಕಡತವಾದರೆ ಆ ಹಾಡಿನ ನಂತರ ಸುಮಾರು ಹತ್ತು ನಿಮಿಷ ನಿಶ್ಶಬ್ದ, ಆಮೇಲೆ 'ಎಂಡ್‌ಲೆಸ್, ನೇಮ್‌ಲೆಸ್' ಎಂಬ ಬಚ್ಚಿಟ್ಟ ಹಾಡು ಸ್ಫೋಟಿಸುತ್ತದೆ. ಆಲ್ಬಂ ಮುಗಿಯಿತೆಂದು ವಾಲ್ಯೂಮ್ ಏರಿಸಿಟ್ಟುಕೊಂಡು ತೂಕಡಿಸಬೇಡಿ. ಮೊದಮೊದಲ ಸಿ.ಡಿ.ಗಳಲ್ಲಿ ಮಾಸ್ಟರಿಂಗ್ ತಪ್ಪಿನಿಂದ ಅದು ಬಿಟ್ಟೇಹೋಗಿತ್ತು, ಹಾಗಾಗಿ ಇಲ್ಲದಿದ್ದರೆ ನಿಮ್ಮ ಕಡತ ಕೆಟ್ಟಿದೆ ಎಂದೇನೂ ಅಲ್ಲ. ಆವೃತ್ತಿಯಲ್ಲಿ 1991ರದ್ದು ಸಿಕ್ಕರೆ ಅದೇ. 2011ರದ್ದು ಜೋರು, ಸ್ನೇರ್ ಡ್ರಮ್ಮಿನ ಪೆಟ್ಟು ಮೊಂಡಾಗಿದೆ. ಆದರೆ 2011ರ ದೊಡ್ಡ ಪೆಟ್ಟಿಗೆಯಲ್ಲಿ 'ಡೆವನ್‌ಶೈರ್ ಮಿಕ್ಸಸ್' ಇವೆ. ಕೊನೆಯ ಮಿಕ್ಸ್ ಮಾಡಿದ ಆ್ಯಂಡಿ ವ್ಯಾಲೇಸ್ ಕೈಗೆ ಹೋಗುವ ಮುಂಚೆ ಬುಚ್ ವಿಗ್ ಮಾಡಿದ ಒರಟು ಮಿಕ್ಸ್ ಅದು. ಹಾಡುಗಳು ಗೊತ್ತಿದ್ದವರಿಗೆ ಅದೊಂದು ಹಬ್ಬ.

ಮುಂದಿನದು ನಿರ್ವಾಣದ್ದೇ 'ಇನ್ ಯೂಟೆರೋ', 1993, 41 ನಿಮಿಷ. ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ ಅಮೆರಿಕದ ಮಿನಸೋಟದಲ್ಲಿ ಎರಡು ವಾರದಲ್ಲಿ ಮುಗಿಸಿದ್ದು. ಮೈಕುಗಳನ್ನು ಡ್ರಮ್ಮಿನ ಹತ್ತಿರ ಮಾತ್ರವಲ್ಲ, ಕೋಣೆಯ ದೂರದಲ್ಲೂ ಇಟ್ಟಿದ್ದಾರೆ. 'ಸೆಂಟ್‌ಲೆಸ್ ಅಪ್ರೆಂಟಿಸ್' ಶುರುವಿನಲ್ಲಿ ಕೋಣೆ ಎಷ್ಟು ದೊಡ್ಡದು ಎಂದು ಕಿವಿಗೇ ಗೊತ್ತಾಗುತ್ತದೆ. 'ಹಾರ್ಟ್-ಶೇಪ್ಡ್ ಬಾಕ್ಸ್' ಮತ್ತು 'ಆಲ್ ಅಪಾಲಜೀಸ್' ಎರಡನ್ನು ಮಾತ್ರ ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದರು. ಅವುಗಳಲ್ಲಿ ದನಿ ಒಂದು ಹೆಜ್ಜೆ ಮುಂದೆ ಬಂದಿರುವುದು ಪಕ್ಕದ ಹಾಡಿನ ಜೊತೆ ಹೋಲಿಸಿದರೆ ಸಿಗುತ್ತದೆ. ನನ್ನ ಲೆಕ್ಕದಲ್ಲಿ 'ನೆವರ್‌ಮೈಂಡ್'ಗಿಂತ ಇದೇ ದೊಡ್ಡ ಆಲ್ಬಂ.

ಚಾಂಪಿಯನ್ ರೀಫ್

ಕೋಲಾರ ಕಡೆಯಿಂದ ಒಂದು ಮಾತು. ಮೇಲಿನ ಅಣ್ಣ ಹೇಳಿದ್ದೆಲ್ಲ ಒಪ್ತೀನಿ. 'ಲವ್‌ಲೆಸ್' ಮುಟ್ಟಲೇ ಇಲ್ವಲ್ಲ, ಅದನ್ನ ನಾನು ನೋಡ್ಕೋತೀನಿ.

ಮಿಕ್ಸಿ ಅಂದ್ರಲ್ಲ, ಹತ್ತಿರಕ್ಕೇ ಬಂದಿದ್ದೀರಾ. ಆ ಬ್ಯಾಂಡಿನ ಕೆವಿನ್ ಶೀಲ್ಡ್ಸ್ ಗಿಟಾರ್ ಮೀಟೋವಾಗ ಟ್ರೆಮೊಲೊ ಕಡ್ಡೀನ (ತಂತಿ ಬಿಗಿ ಏರಿಳಿಸೋ ಕಡ್ಡಿ) ಕೈ ಬಿಡೋದೇ ಇಲ್ಲ. ಕಡ್ಡಿ ಹಿಡಿದೇ ಮೀಟ್ತಾನೆ. ಹಂಗಾಗಿ ಸ್ವರ ಒಂದು ಕಡೆ ನಿಲ್ಲಲ್ಲ, ತೂಗಾಡ್ತಾ ಇರತ್ತೆ. ಗಮಕ ಅಂದ್ಕೊಳ್ಳಿ, ಆದ್ರೆ ಒಂದು ತಂತೀದಲ್ಲ, ಆರೂ ತಂತಿ ಒಟ್ಟಿಗೆ. ಅದರ ಮೇಲೆ ಹಿಮ್ಮುಖ ರಿವರ್ಬ್. ಪ್ರತಿಧ್ವನಿ ಸದ್ದಿನ ಹಿಂದೆ ಕರಗೋ ಬದಲು ಸದ್ದಿನ ಕಡೆಗೆ ಉಬ್ಬಿಕೊಂಡು ಬರತ್ತೆ. ನೂರಾರು ಗಿಟಾರ್ ಪೇರಿಸಿದ್ದಾರೆ ಅಂತ ಜನ ಹೇಳೋದು ಸುಳ್ಳು. ಎಷ್ಟೋ ಕಡೆ ಒಂದೋ ಎರಡೋ ಟ್ರ್ಯಾಕ್ ಅಷ್ಟೇ. 1989ರಿಂದ 91ರವರೆಗೆ, ಊರೆಲ್ಲ ಸ್ಟುಡಿಯೋ ಬದಲಾಯಿಸ್ತಾ ಮಾಡಿದ ಆಲ್ಬಂ. ಡ್ರಮ್ಮು ಹೆಚ್ಚಿನ ಹಾಡಲ್ಲಿ ಬಾರಿಸಿದ್ದಲ್ಲ, ಡ್ರಮ್ಮರ್ ಕೋಲ್ಮ್‌ಗೆ ಆರೋಗ್ಯ ಸರಿಯಿರಲಿಲ್ಲ, ಅವನದೇ ಸ್ಯಾಂಪಲ್ (ರೆಕಾರ್ಡ್ ಮಾಡಿದ ಬಾರಿಕೆ ತುಣುಕು) ತಗೊಂಡು ಜೋಡಿಸಿದ್ದು.

ದನೀನ ಬೇಕಂತಲೇ ಗಿಟಾರ್ ಮಟ್ಟಕ್ಕೆ ಇಳಿಸಿದ್ದಾರೆ. ದನಿ ಅಲ್ಲಿ ಇನ್ನೊಂದು ವಾದ್ಯ. ಈಗ ನಿಮ್ಮ ರೈಲು ನೋಡಿ. ಬೋಗಿ ಗಡಗಡ ಇರೋದು ಕೆಳಗಿನ ಸ್ವರದಲ್ಲಿ, ಗಿಟಾರಿನ ಕೆಳಭಾಗ ಇರೋ ಜಾಗದಲ್ಲೇ. ರೈಲು ಅದನ್ನ ನುಂಗಿಬಿಡತ್ತೆ. ಉಳಿಯೋದು ಮೇಲಿನ ಕರಕರ. ಅದಕ್ಕೇ ಮಿಕ್ಸಿ. ಈ ಆಲ್ಬಂ ರೈಲಿಗೆ ಅಲ್ಲವೇ ಅಲ್ಲ ಗುರುವೇ. ರಾತ್ರಿ ಮನೇಲಿ, ಬಿ.ಎಚ್. ರಸ್ತೆ ಹಾರನ್ನು ನಿಂತ ಮೇಲೆ ಕೇಳೋದು. ಅದೂ ಮೊದಲ ಸಲ ಪೂರ್ತಿ ಬೇಡ. ಐದನೇದು 'ವೆನ್ ಯು ಸ್ಲೀಪ್', ಅಲ್ಲಿ ರಾಗ ಸುಲಭಕ್ಕೆ ಕೈಗೆ ಸಿಗತ್ತೆ. ಆಮೇಲೆ ಎಂಟನೇದು 'ಸಮ್‌ಟೈಮ್ಸ್', ಆಮೇಲೆ ಕೊನೇದು 'ಸೂನ್'. ಮೂರು ದಿನ ಈ ಮೂರೇ. ನಾಲ್ಕನೇ ದಿನ ಒಂದರಿಂದ ಹನ್ನೊಂದು. ಹಾಡು ಹಾಡಿನ ನಡುವೆ ಸಣ್ಣಸಣ್ಣ ತುಣುಕಿವೆ, ಅವು ತುಂಡಾದ್ರೆ ಮಜಾ ಹೋಯ್ತು. ಡಾರ್ಕ್ ಸೈಡ್‌ಗೆ ಬಂದಿರೋ ರೋಗವೇ ಇದಕ್ಕೂ ಬರತ್ತೆ.

ರೈಲಿಗೆ ಆ ಜಾತಿಯ ಸದ್ದೇ ಬೇಕು ಅಂದ್ರೆ ಸ್ಮ್ಯಾಶಿಂಗ್ ಪಂಪ್‌ಕಿನ್ಸ್ 'ಸಯಾಮೀಸ್ ಡ್ರೀಮ್', 1993, 62 ನಿಮಿಷ. ತುಮಕೂರಲ್ಲಿ ಹತ್ತಿ ಪ್ಲೇ ಒತ್ತಿದ್ರೆ ಯಶವಂತಪುರಕ್ಕೆ ಸರಿ. ಇಲ್ಲಿ ಗಿಟಾರ್ ಪೇರಿಸಿರೋದು ನಿಜ. ಆ ಬ್ಯಾಂಡಿನ ಬಿಲ್ಲಿ ಕೋರ್ಗನ್ ಬಿಗ್ ಮಫ್ ಪೆಡಲ್ (ಗಿಟಾರ್ ಸದ್ದನ್ನ ಒರಟಾಗಿ ದಪ್ಪ ಮಾಡೋದು) ಹಾಕಿ ಪದರ ಪದರ ಎಳೆದಿದ್ದಾನೆ, ಬೇಸ್ ಕೂಡ ಬಹುಪಾಲು ಅವನೇ. ಅಷ್ಟಾದ್ರೂ ದನಿ ಮುಂದಿದೆ, ಡ್ರಮ್ಮು ಖಡಕ್ಕಾಗಿದೆ. ಮಿಕ್ಸ್ ಮಾಡಿದ ಆ್ಯಲನ್ ಮೋಲ್ಡರ್ 'ಲವ್‌ಲೆಸ್' ಕೆಲಸದಲ್ಲೂ ಇದ್ದ. ಸೇತುವೆ ಇದು. ಇದನ್ನ ದಾಟಿ ಅಲ್ಲಿಗೆ ಹೋಗಿ.

ಈಗ ಬಡ್ಸ್. ಮೊದಲು ರಬ್ಬರ್ ತುದಿ. ಡಬ್ಬೀಲಿ ಮೂರು ಅಳತೆ ಕೊಟ್ಟಿರ್ತಾರೆ, ಎಲ್ಲರೂ ಹಾಕಿ ಬಂದಿದ್ದನ್ನೇ ಬಿಡ್ತಾರೆ. ಹಾಕ್ಕೊಂಡು ನಿಮ್ಮ ದನೀಲೇ ಹ್ಞೂಂ ಅನ್ನಿ, ತಲೆಯೊಳಗೆ ಗುಂಯ್ ಅಂದ್ರೆ ಕಿವಿ ಮುಚ್ಚಿದೆ. ಇಲ್ಲಾಂದ್ರೆ ಒಂದು ಅಳತೆ ದೊಡ್ಡದು ಹಾಕಿ. ಎರಡು ಕಿವಿಗೂ ಒಂದೇ ಅಳತೆ ಆಗಬೇಕು ಅಂತಿಲ್ಲ. ಮುಚ್ಚದೇ ಇದ್ರೆ ಬೇಸ್ ಸೋರಿ ಹೋಗತ್ತೆ, ನೀವು ವಾಲ್ಯೂಮ್ ಏರಿಸ್ತೀರಾ, ಬೇಸ್ ಬರಲ್ಲ, ಕರಕರ ಮಾತ್ರ ಹೆಚ್ಚಾಗತ್ತೆ. ನಾಯ್ಸ್ ಕ್ಯಾನ್ಸಲಿಂಗ್ ಇದ್ರೆ ರೈಲಿನ ಗಡಗಡಕ್ಕೆ ಚೆನ್ನಾಗಿ ಕೆಲಸ ಮಾಡತ್ತೆ, ಯಾಕಂದ್ರೆ ಅದರ ಬಲ ಇರೋದೇ ಕೆಳಗಿನ ಸ್ವರದಲ್ಲಿ. ಪಕ್ಕದ ಸೀಟಿನ ರಾಜಕೀಯಕ್ಕೆ ಉಪಯೋಗ ಇಲ್ಲ.

ಬೇಸ್ ಬೇಕು ಅಂತ ಈಕ್ವಲೈಜರ್ ಎಳೆಯೋ ಮುಂಚೆ ಒಂದು ಲೆಕ್ಕ. ಮೇಲೆ ಹೇಳಿದ ಛಾವಣಿ ಇಲ್ಲೂ ಇದೆ. ಆಲ್ಬಂ ಮೊದಲೇ ಛಾವಣಿಗೆ ತಾಗಿದೆ, ನೀವು 60 ಹರ್ಟ್ಸ್‌ಗೆ 4 ಡೆಸಿಬೆಲ್ ಹಾಕಿದ್ರೆ ಅದು ಹೋಗೋಕೆ ಜಾಗ ಎಲ್ಲಿ? ಫೋನೇ ಅಲೆ ಕತ್ತರಿಸತ್ತೆ, ಪರಪರ ಅನ್ನತ್ತೆ, ಬಡ್ಸ್ ಹೋಯ್ತು ಅಂದ್ಕೊಂಡು ಹೊಸದು ತಗೋತೀರಾ. ಎಷ್ಟು ಏರಿಸ್ತೀರೋ ಅಷ್ಟು ಪ್ರೀಆಂಪ್ (ಈಕ್ವಲೈಜರ್‌ನಲ್ಲಿ ಒಟ್ಟು ಸದ್ದಿನ ಮಟ್ಟ) ಇಳಿಸಿ. 4 ಏರಿಸಿದ್ರೆ ಪ್ರೀಆಂಪ್ −4. ಪ್ರೀಆಂಪ್ ಇಲ್ಲದ ಆ್ಯಪ್ ಆದ್ರೆ ಏರಿಸಲೇಬೇಡಿ, ಬೇಡದ್ದನ್ನ ಇಳಿಸಿ.

ಇನ್ನೊಂದು, ಕಿವಿ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಬರೀ 3 ಡೆಸಿಬೆಲ್ ಏರಿಸಿದ್ರೆ ಆ ಹೊತ್ತು ಅರ್ಧ ಆಗತ್ತೆ. ರೈಲಿನ ಸದ್ದು ಮೀರಿಸೋಕೆ ಏರಿಸಿದ್ದನ್ನ ಪ್ಲಾಟ್‌ಫಾರ್ಮಿಗೆ ಇಳಿದ ಮೇಲೂ ಹಂಗೇ ಬಿಡೋದು ಎಲ್ಲರೂ ಮಾಡೋ ತಪ್ಪು.

ನಂದಿ ತಪ್ಪಲು

ಸೂಪರ್‌ಅನ್‌ನೋನ್ ತಾಳ ತಪ್ಪುವುದು ಕಾಲಿನ ತಪ್ಪಲ್ಲ. ಕಾಲು ನಾಲ್ಕಕ್ಕೆ ಬೀಳುತ್ತಿದೆ, ಹಾಡು ನಾಲ್ಕರಲ್ಲಿ ಇಲ್ಲ. ನಮ್ಮ ಕಡೆಯವರಿಗೆ ಇದು ಕಷ್ಟವಾಗಲೇಬಾರದು, ಕೈಯಲ್ಲೇ ಯಂತ್ರ ಇದೆ.

'ಸ್ಪೂನ್‌ಮನ್' ಏಳು ಎಣಿಕೆ. ಕರ್ನಾಟಕ ಸಂಗೀತದ ತಿಶ್ರ ತ್ರಿಪುಟ ತಾಳ ಹಾಕಿ: ತಟ್ಟು, ಕಿರುಬೆರಳು, ಉಂಗುರಬೆರಳು, ಆಮೇಲೆ ತಟ್ಟು-ಬೀಸು, ತಟ್ಟು-ಬೀಸು. ಒಂದು ಆವರ್ತಕ್ಕೆ ಗಿಟಾರಿನ ಒಂದು ಸುತ್ತು ಮುಗಿಯುತ್ತದೆ. ನಡುನಡುವೆ ಅದು ನಾಲ್ಕಕ್ಕೆ ಹಾರುತ್ತದೆ, ಅಲ್ಲಿ ಕೈ ಬದಲಿಸಿ. ಹಾಡಿನಲ್ಲಿ ಚಮಚ ಬಾರಿಸಿದವನು ಆರ್ಟಿಸ್ ಎಂಬ ಸಿಯಾಟಲ್‌ನ ಬೀದಿ ಕಲಾವಿದ, ಹಾಡಿನ ಹೆಸರೂ ಅವನಿಂದಲೇ. 'ಫೆಲ್ ಆನ್ ಬ್ಲ್ಯಾಕ್ ಡೇಸ್' ಆರು, ಚತುರಶ್ರ ರೂಪಕ ನೇರವಾಗಿ ಕೂರುತ್ತದೆ. 'ಮೈ ವೇವ್' ಐದು, ಅಲ್ಲಲ್ಲಿ ನಾಲ್ಕು. 'ದಿ ಡೇ ಐ ಟ್ರೈಡ್ ಟು ಲಿವ್' ಏಳು ಮತ್ತು ನಾಲ್ಕರ ಹೆಣಿಗೆ. 'ಲಿಮೋ ರೆಕ್' ಹದಿನೈದು, ಅದನ್ನು ಮೊದಲ ವಾರ ಮುಟ್ಟಬೇಡಿ.

ಸಾಮಾನ್ಯವಾಗಿ ಆಗುವ ತಪ್ಪು: ಏಳು ಅಂದ ಕೂಡಲೇ ಮಿಶ್ರಚಾಪು ನೆನಪಾಗಿ ತಕಿಟ-ತಕಧಿಮಿ ಓಡಿಸುವುದು. ಚಾಪಿಗೆ ಅದರದೇ ಕುಂಟು ನಡೆ ಇದೆ, ಓಟ ಇದೆ. ಸೌಂಡ್‌ಗಾರ್ಡನ್‌ನ ಏಳು ನಿಧಾನ, ಭಾರ, ಎಮ್ಮೆ ಕೆಸರಲ್ಲಿ ಕಾಲು ಕಿತ್ತು ನಡೆದ ಹಾಗೆ. ಚಾಪಿನ ಗತಿ ಹೇರಿದರೆ ಮೂರನೇ ಆವರ್ತಕ್ಕೆ ಜಾರುತ್ತೀರಿ. ಮೊದಲು ಹಾಡು ಬಿಟ್ಟು ಡ್ರಮ್ಮರ್ ಮ್ಯಾಟ್ ಕ್ಯಾಮರನ್‌ನ ಸ್ನೇರ್ ಮಾತ್ರ ಕೇಳಿ, ಏಳರಲ್ಲಿ ಅದು ಎಲ್ಲೆಲ್ಲಿ ಬೀಳುತ್ತದೆ ಎಂದು ಗುರುತಿಟ್ಟುಕೊಳ್ಳಿ, ಆಮೇಲೆ ಕೈ. ಈ ಲೆಕ್ಕ ಬ್ಯಾಂಡಿನವರು ಕೂತು ಹಾಕಿದ್ದೂ ಅಲ್ಲ. ಹಾಡು ಆದ ಮೇಲೆ ಎಣಿಸಿ ನೋಡಿದರೆ ಹಾಗಿರುತ್ತಿತ್ತು ಎಂದೇ ಅವರ ಗಿಟಾರ್ ವಾದಕ ಕಿಮ್ ಥಾಯಿಲ್ ಹೇಳಿದ್ದು. ಅವರ ತಂದೆತಾಯಿ ಕೇರಳದವರು, ಅದಕ್ಕೂ ಇದಕ್ಕೂ ಸಂಬಂಧ ಕಟ್ಟುವುದು ಬೇಡ.

ಆಲ್ಬಂ 70 ನಿಮಿಷ. ಉದ್ದವಾಯಿತು ಎಂದು ಹೇಳುವವರಿದ್ದಾರೆ. ನನ್ನ ಪ್ರಕಾರ 15ರಲ್ಲಿ ಎರಡು ಹಾಡು ಕಮ್ಮಿ ಮಾಡಬಹುದಿತ್ತು, ಅಷ್ಟೇ.

ಎಣಿಕೆ ರುಚಿ ಹತ್ತಿದರೆ ರೇಡಿಯೋಹೆಡ್‌ಗೆ ಹೋಗಿ. 'ಇನ್ ರೇನ್‌ಬೋಸ್' (2007, 42 ನಿಮಿಷ) ಮೊದಲ ಹಾಡು '15 ಸ್ಟೆಪ್' ಐದರಲ್ಲಿದೆ, ಖಂಡ ಜಾತಿ ಏಕ ಹಾಕಿ, ಒಂದು ಲಘು ಸಾಕು. 'ಕಿಡ್ ಎ' (2000) ಮೊದಲ ಹಾಡು 'ಎವೆರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್' ಹತ್ತರ ಸುತ್ತು. ಗಿಟಾರ್ ಬ್ಯಾಂಡ್ ಒಂದು ಗಿಟಾರನ್ನು ಬದಿಗಿಟ್ಟು ಕೀಬೋರ್ಡಿನಿಂದ ಶುರು ಮಾಡಿದಾಗ 'ಓಕೆ ಕಂಪ್ಯೂಟರ್' ಅಭಿಮಾನಿಗಳಿಗೆ ಅಜೀರ್ಣವಾಗಿತ್ತು. ಆ ಆಲ್ಬಂನಿಂದ ಒಂದೂ ಸಿಂಗಲ್ (ಬಿಡಿಯಾಗಿ ಬಿಡುಗಡೆ ಮಾಡುವ ಹಾಡು) ಹೊರಬರಲಿಲ್ಲ. ಹಾರಿಸದೆ ಕೇಳುವ ನಿಮ್ಮ ನಿಯಮಕ್ಕೆ ಇದಕ್ಕಿಂತ ಸರಿಯಾದ್ದು ಇಲ್ಲ. ಟೂಲ್ ಬ್ಯಾಂಡಿನ 'ಲ್ಯಾಟರಾಲಸ್' (2001) ಶೀರ್ಷಿಕೆ ಹಾಡಿನಲ್ಲಿ ಒಂಬತ್ತು, ಎಂಟು, ಏಳು ಒಂದರ ಹಿಂದೊಂದು ಬರುತ್ತವೆ, ಸಾಹಿತ್ಯದ ಅಕ್ಷರಗಣನೆ ಫಿಬೊನಾಚಿ ಸರಣಿಯಲ್ಲಿದೆ (ಹಿಂದಿನ ಎರಡರ ಮೊತ್ತವೇ ಮುಂದಿನ ಸಂಖ್ಯೆ). ನಮ್ಮ ಯತಿ ಗೊತ್ತಿದ್ದವರಿಗೆ ಹಸುವಿನ ಬಾಲದ ಹಾಗೆ ಕಿರಿದಾಗುತ್ತ ಹೋಗುವ ಗೋಪುಚ್ಛ ನೆನಪಾಗುತ್ತದೆ. ಆದರೆ 79 ನಿಮಿಷ. ರೈಲು ತಡ ಅಂತ ಪ್ರಕಟಣೆ ಬಂದ ದಿನಕ್ಕೆ ಇಟ್ಟುಕೊಳ್ಳಿ.

ಮಾಳಿಗಿ ಮನೆ

ಎಲ್ಲ ಸಿಯಾಟಲ್, ಡಬ್ಲಿನ್, ಆಕ್ಸ್‌ಫರ್ಡೇ ಆಯ್ತಲ್ಲ. ರಘು ದೀಕ್ಷಿತ್ ಮೊದಲ ಆಲ್ಬಂ (2008), ಸ್ವರಾತ್ಮ ಮೊದಲ ಆಲ್ಬಂ (2009), ಇಂಡಿಯನ್ ಓಶನ್ 'ಕಂದೀಸಾ' (2000), ಮಲಯಾಳದ 'ಅವಿಯಲ್' (2008), ಇವೂ ಪಟ್ಟಿಗೆ ಬರಲಿ. ರಘು ದೀಕ್ಷಿತ್ ಆಲ್ಬಂನಲ್ಲಿ ಶಿಶುನಾಳ ಷರೀಫರದ್ದು ಎರಡಿವೆ, 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. ಸಿ. ಅಶ್ವತ್ಥ್ ದನಿಯಲ್ಲಿ ಕೇಳಿ ಬೆಳೆದ ಕಿವಿಗೆ ಮೊದಲು ಒಗ್ಗಲ್ಲ, ಮೂರನೇ ಸಲಕ್ಕೆ ಗಿಟಾರ್ ಯಾಕೆ ಅಲ್ಲಿದೆ ಅಂತ ಅರ್ಥವಾಗತ್ತೆ.

ಹಳೇ ಕ್ಯಾಸೆಟ್

ನಾಲ್ಕೂ ಒಳ್ಳೆಯ ಆಲ್ಬಂ, ಒಪ್ಪಿದೆ. ಆದರೆ ಮೊದಲ ಮೂರನ್ನು ಆಲ್ಟರ್ನೇಟಿವ್ ಅನ್ನಲು ನನಗೆ ಮನಸ್ಸಿಲ್ಲ, ಅವು ಜಾನಪದ ರಾಕ್, ಫ್ಯೂಶನ್. 'ಅವಿಯಲ್' ಮಾತ್ರ ನೇರವಾಗಿ ಆ ಸಾಲಿಗೆ ಸೇರುತ್ತದೆ. ಅಲ್ಲಿ ಮಲಯಾಳ ಗಿಟಾರಿನ ಮೇಲೆ ಹಾಕಿದ ಅಲಂಕಾರವಲ್ಲ, ಹಾಡಿನ ಏಟೇ ಆ ಭಾಷೆಯಿಂದ ಹುಟ್ಟಿದೆ. ಕನ್ನಡದಲ್ಲಿ ಅಷ್ಟು ಗಟ್ಟಿ ಆಲ್ಬಂ ಇನ್ನೂ ಬರಬೇಕು ಎಂದೇ ನನ್ನ ಅಭಿಪ್ರಾಯ.

ಮಾಳಿಗಿ ಮನೆ

ಹೆಸರು ಏನಾದ್ರೂ ಇಟ್ಕೊಳ್ಳಿ ಸ್ವಾಮಿ, ಕೇಳಿದ್ರೆ ಸಾಕು.

ಕ್ಯಾತ್ಸಂದ್ರ ಪ್ಯಾಸೆಂಜರ್

ಎಲ್ಲರಿಗೂ ಥ್ಯಾಂಕ್ಸ್. ರಿಡಕ್ಸ್ ಹಾಕಿ ನೋಡಿದೆ, ಬೇರೆ ಆಲ್ಬಮ್ಮೇ ಆಗಿದೆ. ಬಡ್ಸ್ ತುದಿ ಎಡಗಿವಿಗೆ ದೊಡ್ಡದು, ಬಲಗಿವಿಗೆ ನಡುವಿನದು ಕೂತಿತು. ಎರಡು ಉಳಿದಿವೆ. ಒಂದು, ಡಾರ್ಕ್ ಸೈಡ್ ತುಂಡಾಗೋದು, ಅದು ಮೆಮೊರಿ ಕಾರ್ಡಿನ ಎಂಪಿ3. ಎರಡು, ನಾರ್ಮಲೈಸೇಶನ್ ಹಾಕಿದ ಮೇಲೆ ಮೆಲ್ಲಗಿನ ಹಾಡು ಜೋರಿನ ಹಾಡು ಎಲ್ಲ ಒಂದೇ ಥರ ಆಗಿವೆ, ಕಾರ್ಡಿನ ಹಾಡಿಗೆ ಹಾಗೆ ಆಗ್ತಿದೆ.

ಹಳೇ ಕ್ಯಾಸೆಟ್

ಎಂಪಿ3 ಧ್ವನಿಯನ್ನು 1152 ಸ್ಯಾಂಪಲ್‌ಗಳ ಚೌಕಟ್ಟುಗಳಾಗಿ ಕತ್ತರಿಸುತ್ತದೆ. ಹಾಡು ಸರಿಯಾಗಿ ಚೌಕಟ್ಟಿನ ಅಂಚಿಗೇ ಮುಗಿಯುವುದಿಲ್ಲ, ಉಳಿದ ಜಾಗಕ್ಕೆ ನಿಶ್ಶಬ್ದ ತುಂಬುತ್ತದೆ. ಶುರುವಿನಲ್ಲೂ ಸ್ವಲ್ಪ ಸೇರಿಕೊಳ್ಳುತ್ತದೆ. ಬಿಡಿ ಹಾಡಿಗೆ ಇದು ಗೊತ್ತೇ ಆಗುವುದಿಲ್ಲ. 'ಆನ್ ದಿ ರನ್' ಮುಗಿದು 'ಟೈಮ್' ಗಡಿಯಾರಗಳು ಬರುವ ಕಡೆ, ಸದ್ದು ನಿಲ್ಲದೆ ಹರಿಯಬೇಕಾದ್ದರಿಂದ, ಸೆಕೆಂಡಿನ ಸಣ್ಣ ಪಾಲೂ ಟಿಕ್ ಅನ್ನುತ್ತದೆ. ಲೇಮ್ ಎಂಬ ಎನ್‌ಕೋಡರ್‌ನಲ್ಲಿ (ಎಂಪಿ3 ತಯಾರಿಸುವ ತಂತ್ರಾಂಶ) ಮಾಡಿದ ಎಂಪಿ3 ಆದರೆ ಎಷ್ಟು ನಿಶ್ಶಬ್ದ ತುಂಬಿದೆ ಎಂಬುದು ಕಡತದೊಳಗೇ ಬರೆದಿರುತ್ತದೆ. ಗ್ಯಾಪ್‌ಲೆಸ್ (ಹಾಡುಗಳ ನಡುವೆ ತೆರವಿಲ್ಲದ) ಬೆಂಬಲ ಇರುವ ಪ್ಲೇಯರ್ ಅದನ್ನು ಓದಿ ಕತ್ತರಿಸುತ್ತದೆ. ಫೋನಿನ ಜೊತೆ ಬಂದ ಪ್ಲೇಯರ್ ಬಿಟ್ಟು ಪವರ್‌ಆಂಪ್ ಅಥವಾ ಫೂಬಾರ್2000 ಹಾಕಿ ನೋಡಿ. ಆಗಲೂ ಟಿಕ್ ಅಂದರೆ ಕಡತದಲ್ಲೇ ಆ ಮಾಹಿತಿ ಇಲ್ಲ, ಸಿ.ಡಿ.ಯಿಂದ ಫ್ಲ್ಯಾಕ್‌ಗೆ (ಧ್ವನಿಯಲ್ಲಿ ಏನನ್ನೂ ಕಳೆಯದ ಕಡತ) ಮತ್ತೆ ಇಳಿಸಿಕೊಳ್ಳಿ. ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯ ಮೇಲೆ ಮುಂದಿನದರ ಶುರು ಬೆರೆಸುವುದು) ಹಾಕಿ ಮುಚ್ಚಲು ಹೋಗಬೇಡಿ, ಟಿಕ್ ಹೋಗುತ್ತದೆ, ಜೊತೆಗೆ ಹಾಡಿನ ತಲೆಬಾಲವೂ ಕಲಸಿಹೋಗುತ್ತದೆ. ಆ್ಯಪ್‌ನಲ್ಲೂ ಕ್ರಾಸ್‌ಫೇಡ್ ಸೊನ್ನೆ, ಗ್ಯಾಪ್‌ಲೆಸ್ ಆನ್.

'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ಮುಗಿದು 'ಮನಿ' ಶುರುವಾಗುವ ಕಡೆ ಉಸಿರು ಬಿಟ್ಟಂತೆ ಅನ್ನಿಸಿದರೆ ಅದು ದೋಷವಲ್ಲ. 1973ರ ಎಲ್‌ಪಿಯಲ್ಲಿ ಮಗ್ಗುಲು ತಿರುಗಿಸುತ್ತಿದ್ದುದು ಅಲ್ಲೇ.

ಎರಡನೆಯದಕ್ಕೆ ಪ್ಲೇಯರ್‌ನ ರಿಪ್ಲೇಗೇನ್ ಸೆಟಿಂಗ್ ನೋಡಿ. 'ಟ್ರ್ಯಾಕ್' ಅಂತ ಇರುತ್ತದೆ, 'ಆಲ್ಬಂ' ಮಾಡಿ. ಟ್ರ್ಯಾಕ್ ಇದ್ದರೆ ಒಂದೊಂದು ಹಾಡನ್ನೂ ಬಿಡಿಬಿಡಿಯಾಗಿ ಒಂದೇ ಎತ್ತರಕ್ಕೆ ತರುತ್ತದೆ. ಪಿಸುಗುಟ್ಟುವ ಹಾಡು ಕಿರುಚುವ ಹಾಡಿನ ಪಕ್ಕ ಸಮಕ್ಕೆ ನಿಲ್ಲುತ್ತದೆ. ಆಲ್ಬಂ ಇದ್ದರೆ ಇಡೀ ಆಲ್ಬಂ ಒಟ್ಟಿಗೆ ಏರುತ್ತದೆ, ಇಳಿಯುತ್ತದೆ, ಒಳಗಿನ ತಗ್ಗುದಿಣ್ಣೆ ಹಾಗೇ ಉಳಿಯುತ್ತದೆ. ಕಡತಗಳಿಗೆ ಮೊದಲು ಕಂಪ್ಯೂಟರಿನಲ್ಲಿ ರಿಪ್ಲೇಗೇನ್ ಸ್ಕ್ಯಾನ್ ಆಗಿರಬೇಕು, ಆಲ್ಬಂನ ಎಲ್ಲ ಹಾಡು ಒಟ್ಟಿಗೆ ಆಯ್ದು, ಒಂದೊಂದಾಗಿ ಅಲ್ಲ.

ಸರಿಯಾಯಿತೋ ಇಲ್ಲವೋ ಎಂದು ನೋಡಲು ಪಿಜೆ ಹಾರ್ವಿಯ 'ರಿಡ್ ಆಫ್ ಮಿ' (1993) ಮೊದಲ ಹಾಡು ಹಾಕಿ. ಅದೂ ಆಲ್ಬಿನಿಯದೇ. ಶುರುವಿನಲ್ಲಿ ಏನೂ ಕೇಳಿಸುವುದಿಲ್ಲ ಅನ್ನುವಷ್ಟು ಮೆಲ್ಲಗೆ, ಆಮೇಲೆ ಮನೆ ಬೀಳುವಷ್ಟು ಜೋರು. ಶುರುವಿನ ಭಾಗಕ್ಕೆ ವಾಲ್ಯೂಮ್ ಏರಿಸಬಾರದು, ಅದೊಂದೇ ಎಚ್ಚರ.

ಚಾಂಪಿಯನ್ ರೀಫ್

ಜಾಗದ ಲೆಕ್ಕಾನೂ ಹೇಳಿಬಿಡ್ತೀನಿ, ಫ್ಲ್ಯಾಕ್ ಅಂದ ತಕ್ಷಣ ಕಾರ್ಡು ತುಂಬತ್ತೆ ಅಂತ ಹೆದರ್ತಾರೆ. 320ರ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3 ನಿಮಿಷಕ್ಕೆ 2.4 ಎಂಬಿ, 50 ನಿಮಿಷದ ಆಲ್ಬಂ 120 ಎಂಬಿ. ಸಿ.ಡಿ. ಮಟ್ಟದ ಫ್ಲ್ಯಾಕ್ ಹೆಚ್ಚುಕಮ್ಮಿ ಅದರ ಮೂರರಷ್ಟು. ಜೋರಾಗಿ ಹಿಂಡಿರೋ ಆಲ್ಬಂ ಇನ್ನೂ ಸ್ವಲ್ಪ ಹೆಚ್ಚು ಜಾಗ ತಿನ್ನತ್ತೆ, ಮೆಲ್ಲಗಿರೋದು ಕಮ್ಮಿ. 32 ಜಿಬಿ ಕಾರ್ಡಲ್ಲಿ 80 ಆಲ್ಬಂ ಆರಾಮಾಗಿ ಹಿಡಿಯತ್ತೆ. ಬ್ಲೂಟೂತ್ ಹೆಂಗೂ ಮತ್ತೆ ಹಿಂಡತ್ತೆ, ಹಂಗಾಗಿ ರೈಲಲ್ಲಿ 320ಕ್ಕೂ ಫ್ಲ್ಯಾಕ್‌ಗೂ ವ್ಯತ್ಯಾಸ ಹುಡುಕಬೇಡಿ. ಹಾಡು ಹಾಡಿನ ನಡುವೆ ತುಂಡಾಗಬಾರದ ಆಲ್ಬಂ ಮಾತ್ರ ಫ್ಲ್ಯಾಕ್, ಉಳಿದದ್ದು ಎಂಪಿ3 ಸಾಕು.

ಚಿಕ್ಕಬಾಣಾವರ ದಾಟಿದ ಮೇಲೆ ಜನ ಹೆಚ್ಚಾಗಿ ಹಾಡು ಕಟ್ ಕಟ್ ಅಂದ್ರೆ ಅದು ಆಲ್ಬಂದಲ್ಲ. ಎಲ್ಲರ ಬ್ಲೂಟೂತೂ ಒಂದೇ ಗಾಳೀಲಿ ಇರತ್ತೆ, ಫೋನು ಪ್ಯಾಂಟ್ ಜೇಬಲ್ಲಿದ್ರೆ ಮೈಯೇ ಅಡ್ಡ. ಅಂಗಿ ಜೇಬಿಗೆ ಹಾಕಿ. ಎಲ್‌ಡ್ಯಾಕ್ (ಬ್ಲೂಟೂತಲ್ಲಿ ಹೆಚ್ಚು ಮಾಹಿತಿ ಕಳಿಸೋ ವಿಧಾನ) ಇರೋ ಬಡ್ಸ್ ಆದ್ರೆ ಸೆಕೆಂಡಿಗೆ 990 ಕಿಲೋಬಿಟ್‌ನಿಂದ 660ಕ್ಕೆ ಇಳಿಸಿ.

ಕ್ಯಾತ್ಸಂದ್ರ ಪ್ಯಾಸೆಂಜರ್

ಅಂಗಿ ಜೇಬಿನ ಉಪಾಯ ಕೆಲಸ ಮಾಡಿತು. ರಿಪ್ಲೇಗೇನ್ ನಿಜವಾಗಲೂ ಟ್ರ್ಯಾಕ್‌ನಲ್ಲೇ ಇತ್ತು. ಈ ವಾರ ಹೋಗ್ತಾ 'ಸಯಾಮೀಸ್ ಡ್ರೀಮ್', ಬರ್ತಾ 'ಇನ್ ಯೂಟೆರೋ'. 'ಲವ್‌ಲೆಸ್' ಮನೇಲಿ, ಐದು-ಎಂಟು-ಹನ್ನೊಂದು. 'ಸ್ಪೂನ್‌ಮನ್'ಗೆ ತ್ರಿಪುಟ ಕೂತಿತು, ನಾಲ್ಕಕ್ಕೆ ಹಾರೋ ಕಡೆ ಇನ್ನೂ ಕೈ ತಪ್ತಿದೆ.

ನಂದಿ ತಪ್ಪಲು

ಹಾರುವ ಮುಂಚಿನ ಆವರ್ತದ ಕೊನೇ ಬೀಸಿನಲ್ಲಿ ಡ್ರಮ್ ಒಂದು ತಿರುವು ಕೊಡುತ್ತದೆಯೇ ಎಂದು ಗಮನಿಸಿ, ಸುಳಿವು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕೈ ತಪ್ಪಿದರೆ ಹಾಡು ಹಿಂದಕ್ಕೆ ಎಳೆಯಬೇಡಿ, ಮುಂದಿನ ಸಮಕ್ಕೆ (ಆವರ್ತದ ಮೊದಲ ಎಣಿಕೆ) ಕಾದು ಸೇರಿಕೊಳ್ಳಿ.